ದಾರ ಕಟ್ಟಿದ ಲ್ಯಾಪ್‌ಟಾಪ್

ಹುಬ್ಬಳ್ಳಿಯ ಆ ಅಂಗಡಿಯ ಚಾವಣಿಗೆ ತಾಗಿಕೊಂಡು ಹದಿನಾರು ಲ್ಯಾಪ್‌ಟಾಪುಗಳು ತೇಲುತ್ತಿದ್ದವು. ಅಂಗಡಿಯ ಮಹಾಂತಪ್ಪ ದಾರ ಹಿಡಿದು ಒಂದನ್ನು ಕೆಳಗೆಳೆದ.

"ಈ ವರ್ಷದ ಹಗುರ ಮಾಡೆಲ್ ನೋಡ್ರಿ ಅಕ್ಕಾರ. ಗಾಳಿಗಿಂತ ಹಗುರ ಐತಿ. ದಾರ ಮಾತ್ರ ಬಿಡಬ್ಯಾಡ್ರಿ, ಹಾರಿಹೋಗ್ತೈತಿ."

ವಿಮಾ ಕಚೇರಿಯ ಗುಮಾಸ್ತೆ ನೀಲಗಂಗಾ, ಮೇಜಿನ ಮೇಲಿದ್ದ ದಪ್ಪನೆಯ ಕಪ್ಪು ಲ್ಯಾಪ್‌ಟಾಪಿನತ್ತ ಬೆರಳು ತೋರಿದಳು. "ಇದು ಹ್ಯಾಂಗ್ರಿ?"

"ಭಾಳ ಪವರ್‌ಫುಲ್ ರೀ. ನಿಮ್ಮ ನಾಳಿನ ಕೆಲಸಾನೂ ಇವತ್ತ ಮುಗಸ್ತೈತಿ. ಮುಗದ ಕೂಡ್ಲೇ ನಿಮ್ಮ ಸಾಹೇಬ್ರಿಗೆ ತಾನ ಹೇಳ್ತೈತಿ."

ನೀಲಗಂಗಾಳಿಗೆ ಕಚೇರಿಯಲ್ಲಿ ತನ್ನ ಪಕ್ಕದ ಮೇಜಿನ ಗುರುಸಿದ್ಧ ನೆನಪಾದ. ಯುಗಾದಿಗೆ ಇದನ್ನೇ ಕೊಂಡಿದ್ದ. ಈಗ ಮೂವರ ಕೆಲಸ ಅವನೊಬ್ಬನ ತಲೆಗೆ ಬಿದ್ದಿದೆ. ಉಳಿದಿಬ್ಬರನ್ನು ಕಚೇರಿ ಮನೆಗೆ ಕಳಿಸಿತು. 'ವರ್ಷದ ದಕ್ಷ ನೌಕರ' ಎಂಬ ಫಲಕವೂ ಅವನಿಗೆ ಸಿಕ್ಕಿದೆ. ಅದನ್ನು ಮನೆಗೊಯ್ಯಲು ಪುರುಸೊತ್ತಾಗಿಲ್ಲ.

ಹಗುರದ್ದನ್ನು ಕೊಂಡವಳು ಅದೇ ಕಚೇರಿಯ ಶಕುಂತಲಕ್ಕ. ಅವಳದು ಮೂರು ಸಲ ಹಾರಿಹೋಗಿತ್ತು. ಲ್ಯಾಪ್‌ಟಾಪ್ ಕೆಳಗಿಳಿಯುವವರೆಗೆ ಸಂಬಳಸಹಿತ ರಜೆ, ಅದು ಕಚೇರಿಯ ನಿಯಮ. ಮೂರನೆಯ ಸಲ ಅದು ಗೋವೆಯ ಕಡೆ ಹಾರಿದ್ದರಿಂದ, ಪಾಪ, ಹುಡುಕಲು ಶಕುಂತಲಕ್ಕ ಗಂಡ, ಮಕ್ಕಳನ್ನೂ ಕರೆದುಕೊಂಡು ಹೋಗಬೇಕಾಯಿತು.

"ಹಗುರದ್ದ ಕೊಡ್ರಿ," ಎಂದಳು ನೀಲಗಂಗಾ.

ಮಹಾಂತಪ್ಪ ದಾರವನ್ನು ಅವಳ ಮಣಿಕಟ್ಟಿಗೆ ಸುತ್ತುತ್ತ ಕೇಳಿದ, "ನೈಲಾನ್ ದಾರ ಹಾಕ್ಲೇನ್ರಿ? ಎಷ್ಟು ಎಳದ್ರೂ ಹರಿಯೂದಿಲ್ಲ."

"ಬ್ಯಾಡ್ರಿ, ಹೂವು ಕಟ್ಟೂ ದಾರ ಸಾಕು."

ಅಂಗಡಿಯ ಮೆಟ್ಟಿಲಿಳಿದ ನೀಲಗಂಗಾ ಬೆರಳನ್ನು ಒದ್ದೆ ಮಾಡಿ ಮೇಲಕ್ಕೆತ್ತಿ ಹಿಡಿದಳು. ಗಾಳಿ ಇನ್ನೂ ಗೋವೆಯ ಕಡೆಗೇ ಬೀಸುತ್ತಿತ್ತು.