ಹಾಜಿ ದಿರ್ಗಾಮನ ಬೀಗದ ಬೋರ್ಡು

ಬಂದೂಕಿನವರಿಬ್ಬರು ತನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದಾಗ ಖುತೈಬಾ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಹಾಡಹಗಲು. ಹೊರಗೆ ಸಿನಾಅ ಬೀದಿಯಲ್ಲಿ ಅರ್ಧ ಬಾಗ್ದಾದೇ ನಿಂತು ಕಂಪ್ಯೂಟರ್ ಚೌಕಾಸಿ ಮಾಡುತ್ತಿತ್ತು. ಒಳಗೆ ಅವನ ಎದೆಬಡಿತ ಬೀದಿಯ ಜನರೇಟರಿನ ಸದ್ದನ್ನೂ ಮೀರಿಸಿತ್ತು.

ಬಂದವನು ಹಾಜಿ ದಿರ್ಗಾಮ್. ಅವನ ಕಾರು ಕಂಡರೆ ಟ್ರಾಫಿಕ್ ದೀಪಗಳು ಹೆದರಿ ತಾವಾಗಿಯೇ ಹಸಿರಾಗುತ್ತಿದ್ದವು. ಭುಜ ಬಾಗಿಲಿಗಿಂತ ಅಗಲವಾದ್ದರಿಂದ ಓರೆಯಾಗಿ ಒಳಗೆ ಬಂದ. ಒಂದು ಹಳೆಯ ಕಚೇರಿ ಕಂಪ್ಯೂಟರಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಬರೀ ಪೆಟ್ಟಿಗೆ.

"ಕುಂಟು ಕತ್ತೆನೂ ವಿಮಾನ ಮಾಡ್ತೀನಿ ಅಂತ ಚಹಾದಂಗಡೀಲಿ ಜಂಭ ಕೊಚ್ಚಿದೋನು ನೀನೇನಾ?"

"ಅದು... ತಮಾಷೆಗೆ ಹೇಳಿದ್ದು, ಹಾಜಿಯವರೇ."

"ನಾನು ತಮಾಷೆಗೆ ಬಂದಿಲ್ಲ. ಇದರ ಪ್ರೊಸೆಸರ್ ಬೆವರು ಸುರಿಸಿ ದುಡೀಬೇಕು. ಹಗಲೂ ರಾತ್ರಿ, ಒಂದು ನಿಮಿಷ ನಿಲ್ಲಬಾರದು. ಎರಡು ಜೀವದ ಪ್ರಶ್ನೆ."

ಒಂದು ಜೀವ ತನ್ನದೇ ಎಂಬುದರಲ್ಲಿ ಖುತೈಬಾನಿಗೆ ಅನುಮಾನ ಉಳಿಯಲಿಲ್ಲ. ಇನ್ನೊಂದು ಯಾರದೆಂದು ಕೇಳುವ ಧೈರ್ಯ ಬರಲಿಲ್ಲ.

ಅಂಗಡಿಯ ಮಾನಿಟರ್ ಜೋಡಿಸಿ ಪೆಟ್ಟಿಗೆಯೊಳಗಿನ ಮದರ್‌ಬೋರ್ಡಿನ ಸೆಟ್ಟಿಂಗ್ ತೆರೆದ. ಎಲ್ಲ ಸಾಲುಗಳೂ ಬೂದಿ ಬಣ್ಣ. ಒಂದನ್ನೂ ಅಲುಗಾಡಿಸಲು ಬರುತ್ತಿರಲಿಲ್ಲ.

"ಈ ಬೋರ್ಡಿಗೆ ಮಾಡಿದೋರೇ ಬೀಗ ಜಡಿದಿದಾರೆ, ಹಾಜಿಯವರೇ. ವೇಗ ಹೆಚ್ಚಿಸೋಕೆ ದಾರಿನೇ ಇಲ್ಲ. ಹೊಸ ಪೆಟ್ಟಿಗೆ ಕೊಡ್ತೀನಿ, ನನ್ನ ಕಾಣಿಕೆ ಅಂದ್ಕೊಳ್ಳಿ."

"ಬೇರೆ ಪೆಟ್ಟಿಗೆ ಮನೆಗೆ ಬಂದ್ರೆ ಪ್ರಶ್ನೆ ಏಳುತ್ತೆ. ಇದೇ ಆಗ್ಬೇಕು. ಮೂಲೆ ಅಂಗಡಿ ಮುಹನ್ನದನೂ ಹೀಗೇ ಆಗಲ್ಲ ಅಂದ."

"ಮುಹನ್ನದ್ ಈಗ ಎಲ್ಲಿ?"

"ಹಾಸಿಗೆ ಹಿಡಿದಿದಾನೆ. ಏನೋ ಜ್ವರ ಅಂತೆ," ಎಂದ ಬಂದೂಕಿನವನೊಬ್ಬ. ಇನ್ನೊಬ್ಬ ಕಿಸಕ್ಕೆಂದು ನಕ್ಕ.

ಖುತೈಬಾನಿಗೆ ಆ ಕ್ಷಣವೇ ದಾರಿ ಹೊಳೆಯಿತು. ಹೆದರಿಕೆ ಮನುಷ್ಯನನ್ನು ಇಷ್ಟು ಬುದ್ಧಿವಂತನನ್ನಾಗಿ ಮಾಡಿದ್ದು ಆ ಬೀದಿಯಲ್ಲಿ ಅದೇ ಮೊದಲು. ಹಳೆಯ ಪ್ರೊಸೆಸರಿನ ಹೊಟ್ಟೆಯಡಿ ನೂರಾರು ಚಿನ್ನದ ಚುಕ್ಕೆಗಳಿರುತ್ತವೆ. ಯಾವುದೆಂದು ಗೊತ್ತಿದ್ದು ಒಂದೇ ಒಂದನ್ನು ಟೇಪಿನಿಂದ ಮುಚ್ಚಿದರೆ ಬೋರ್ಡು ಮೋಸಹೋಗುತ್ತದೆ. ಬಂದಿರುವುದು ಹೆಚ್ಚು ವೇಗದ ಪ್ರೊಸೆಸರ್ ಎಂದು ತಿಳಿದು ತಾನಾಗಿಯೇ ಓಟ ಹೆಚ್ಚಿಸುತ್ತದೆ. ಬೀಗ ಮುರಿಯಬೇಕಾಗಿಲ್ಲ, ಕಾವಲುಗಾರನ ಕಣ್ಣಿಗೆ ಮಣ್ಣೆರಚಿದರೆ ಸಾಕು. ಪಕ್ಕದ ಚುಕ್ಕೆ ಮುಚ್ಚಿದರೆ ಮಾತ್ರ ಪೆಟ್ಟಿಗೆ ಏಳುವುದೇ ಇಲ್ಲ.

ಸೊಳ್ಳೆಯ ರೆಕ್ಕೆಯನ್ನು ಏಳು ಪಾಲು ಮಾಡಿದಷ್ಟು ಟೇಪು ಕತ್ತರಿಸಿದ. ಮೂರು ಸಲ ಅದು ಚಿಮಟದಿಂದ ಜಾರಿತು. ನಾಲ್ಕನೆಯ ಸಲ ಕೂತಿತು. ಗುಂಡಿ ಒತ್ತಿದ.

ಪೆಟ್ಟಿಗೆ ಎದ್ದಿತು. ವೇಗ ಮೂರನೇ ಒಂದು ಪಾಲು ಹೆಚ್ಚಿತ್ತು.

ಪ್ರೊಸೆಸರಿಗೆ ಉಸಿರಾಡಲು ಬಿಡದ ಲೆಕ್ಕದ ಪ್ರೋಗ್ರಾಮೊಂದನ್ನು ಹಾಕಿ, ಕರೆಂಟು ಬಂದೊಡನೆ ಅದು ತಾನೇ ಶುರುವಾಗುವಂತೆ ಮಾಡಿದ. ಪ್ರೊಸೆಸರಿನ ಬಿಸಿ ಎಪ್ಪತ್ತು ಡಿಗ್ರಿ ದಾಟಿತು, ಎಂಬತ್ತು ದಾಟಿತು. ಹಾಜಿ ತೆರೆಯತ್ತ ತಿರುಗಿಯೂ ನೋಡಲಿಲ್ಲ. ಪೆಟ್ಟಿಗೆಯ ಹಿಂಬದಿಗೆ ಅಂಗೈ ಹಿಡಿದು ನಿಂತ.

"ಇನ್ನೂ ಏರುತ್ತಾ?"

ಸುಟ್ಟುಹೋಗುತ್ತದೆಂದು ಹಾಜಿಗೆ ಭಯ! ಖುತೈಬಾ ಕಪಾಟಿಗೆ ಹಾರಿದ. ತನ್ನ ಮದುವೆಯ ಉಂಗುರಕ್ಕಿಂತ ಜೋಪಾನವಾಗಿಟ್ಟಿದ್ದ ದೊಡ್ಡ ಫ್ಯಾನನ್ನು ತಂದು ಪೆಟ್ಟಿಗೆಗೆ ಬಿಗಿದ. ಮರುಭೂಮಿಯ ಬಿರುಗಾಳಿಯೇ ಅಂಗಡಿಗೆ ನುಗ್ಗಿದಂತಾಯಿತು. ತೆರೆಯ ಮೇಲಿನ ಅಂಕೆ ಐವತ್ತಕ್ಕೆ ಕುಸಿಯಿತು.

"ನೋಡಿ ಹಾಜಿಯವರೇ, ಹಿಮದ ಹಾಗೆ ತಣ್ಣಗಾಯ್ತು!"

ಹಾಜಿಯ ಮುಖ ರೊಟ್ಟಿ ಹಿಟ್ಟಿನಂತೆ ಬಿಳುಚಿತು.

"ಕೊಂದೆಯಲ್ಲೋ ಪಾಪಿ! ಕಿತ್ತು ಬಿಸಾಕು ಅದನ್ನ!"

ಬಂದೂಕಿನವರು ದಡಕ್ಕನೆ ಎದ್ದರು. ಖುತೈಬಾ ಫ್ಯಾನನ್ನು ವೈರಿನ ಸಮೇತ ಕಿತ್ತ. ಅಂಕೆ ಮತ್ತೆ ಮೇಲೇರಿತು. ಹಾಜಿ ಜೇಬಿನಿಂದ ಜ್ವರ ನೋಡುವ ಥರ್ಮಾಮೀಟರ್ ತೆಗೆದು, ಪೆಟ್ಟಿಗೆಯ ಬೆನ್ನಿನಿಂದ ಬರುವ ಗಾಳಿಗೆ ಹಿಡಿದ. ಇವನಿಗೆ ತಲೆ ಕೆಟ್ಟಿದೆ, ಇಂದು ನನ್ನ ಕಥೆ ಮುಗಿಯಿತು ಎಂದುಕೊಂಡ ಖುತೈಬಾ.

"ಮೂವತ್ತಾರು," ಎಂದ ಹಾಜಿ. ಸ್ವಲ್ಪ ಹೊತ್ತು ಬಿಟ್ಟು, "ಮೂವತ್ತೇಳು."

ಬಂದೂಕಿನವರಿಬ್ಬರೂ ಥರ್ಮಾಮೀಟರಿನತ್ತ ಬಗ್ಗಿದರು.

"ಮೂವತ್ತೆಂಟು. ಇಲ್ಲೇ ನಿಲ್ಲಿಸು. ಇನ್ನೊಂದು ಡಿಗ್ರಿ ಏರಿದ್ರೂ ನಿನ್ನ ಚರ್ಮ ಸುಲೀತೀನಿ."

ಖುತೈಬಾ ಒಳಗಿನ ಪುಟ್ಟ ಫ್ಯಾನಿನ ವೇಗವನ್ನು ಕೂದಲೆಳೆಯಷ್ಟು ಹೆಚ್ಚಿಸಿದ, ಕೂದಲೆಳೆಯಷ್ಟು ಇಳಿಸಿದ. ಎಪ್ಪತ್ತು ತಲೆಮಾರಿನ ಹಿರಿಯರನ್ನೆಲ್ಲ ಹೆಸರು ಹಿಡಿದು ಕರೆದ. ಕಾಲು ಗಂಟೆ ಕಳೆಯಿತು. ಮೂವತ್ತೆಂಟು ಅಲುಗಲಿಲ್ಲ.

ಹಾಜಿ ಕಣ್ಣೊರೆಸಿಕೊಂಡ. "ಹೋಗಿ ತಗೊಂಡ್ಬಾ," ಎಂದ.

ಬಂದೂಕಿನವನೊಬ್ಬ ಷಟರಿನಡಿ ನುಸುಳಿ ಹೊರಗೆ ಹೋದ. ಕಾರಿನ ಬಾಗಿಲು ತೆರೆದ ಸದ್ದು. ಆಮೇಲೆ ಬಹಳ ನಿಧಾನವಾಗಿ ಹೆಜ್ಜೆಗಳು ಹತ್ತಿರವಾದವು. ಖುತೈಬಾ ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಂಡ. ಗುಂಡು ಹಾರಲಿಲ್ಲ. ಒಂದು ಕಣ್ಣು ತೆರೆದ.

ಬಂದೂಕನ್ನು ಬೆನ್ನಿಗೆ ತಳ್ಳಿಕೊಂಡಿದ್ದ ಆ ದೈತ್ಯ, ಉಣ್ಣೆಯ ಟೋಪಿಯೊಂದನ್ನು ಬೊಗಸೆಯಲ್ಲಿ ಹಿಡಿದು ತಂದು ಬಿಸಿಗಾಳಿಗೆ ಒಡ್ಡಿ ಇಟ್ಟ. ಅದರೊಳಗೆ ಎರಡು ಪಾರಿವಾಳದ ಮೊಟ್ಟೆಗಳಿದ್ದವು.

"ತಾಯಿನ ಗಿಡುಗ ಹೊತ್ಕೊಂಡು ಹೋಯ್ತು," ಎಂದು ಹಾಜಿ ದಿರ್ಗಾಮ್ ಬಾಗಿಲ ಕಡೆ ಕಳ್ಳನೋಟ ಬೀರಿ ಪಿಸುಗುಟ್ಟಿದ. "ಇನ್ನೊಂದು ಪಾರಿವಾಳ ಮನೆಗೆ ತಂದ್ರೆ ತಲಾಖ್ ಅಂತ ಹೆಂಡತಿ ಎದುರು ಆಣೆ ಹಾಕಿದೀನಿ, ಆದ್ರೆ ಖುತೈಬಾ, ನನ್ನ ಕಣ್ಣೇ, ಮೊಟ್ಟೆ ವಿಷಯ ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ."