ಅಂಬುಜಮ್ಮನವರ ಗಾಳಿ

ಉಸಿರಾಡುವ ಗಾಳಿಯನ್ನೂ ಸರ್ಕಾರವೇ ಅನುದಾನದಲ್ಲಿ ಹಂಚುತ್ತಿದ್ದ ಕಾಲ. ದುಂದುವೆಚ್ಚ ಕಡಿತದ ವಾರ್ಡ್ ಸಭೆಯಲ್ಲಿ ಕಾರ್ಯದರ್ಶಿ ಓದಿದ: "ಅಂಬುಜಮ್ಮನವರ ಗಾಳಿ. ಶಾಸಕರ ವಿಶೇಷ ಅನುದಾನ, ಫಲಾನುಭವಿ ಒಬ್ಬರೇ. ದುಂದು ಅನ್ನೋರು ಕೈ ಎತ್ತಿ, ಇವತ್ತೇ ನಿಲ್ಲಿಸ್ತೀವಿ."

ಎಲ್ಲರೂ ಸೊಸೆ ವಾರಿಜಳ ಮುಖ ನೋಡಿದರು. ಹನ್ನೊಂದು ವರ್ಷ ಅತ್ತೆಯ ಗಾಳಿ ಕೊಳವೆ ತೊಳೆದಿದ್ದ ಕೈಯನ್ನು ಅವಳು ನಿಧಾನವಾಗಿ ಎತ್ತಿದಳು. ಹಿಂದೆಯೇ ಸಭೆಯ ಕೈಗಳೆಲ್ಲ ಎದ್ದವು.

ಪಕ್ಕದಲ್ಲಿ ಕೂತಿದ್ದ ಅಂಬುಜಮ್ಮನಿಗೆ ಕಿವಿ ಮಂದ. "ಎಲ್ಲಾ ಯಾತಕ್ಕೆ ಕೈ ಎತ್ತಿದಾರೇ ವಾರಿಜಾ?"

"ಬೀದಿದೀಪಕ್ಕೆ ಅತ್ತೆ."

"ಬೇಕು ಮತ್ತೆ. ನೀನು ಕತ್ತಲಲ್ಲಿ ಓಡಾಡ್ತೀಯ" ಎನ್ನುತ್ತಾ ಅವರೂ ಕೈ ಎತ್ತಿದರು.

ಎಣಿಸುವವನಿಗೆ ಸರಿಯಾಗಿ ಕಾಣಲೆಂದು ವಾರಿಜ ಆ ನಡುಗುವ ಮೊಣಕೈಗೆ ಆಸರೆ ಕೊಟ್ಟಳು.