ಮುಕುಂದನ ಕೊನೆಯ ಟ್ಯೂನು

ಚನ್ನಕೇಶವ ಬರೆದ ಸಿನಿಮಾ ಹಾಡುಗಳನ್ನು ಗುನುಗದ ಮನೆ ನಾಡಿನಲ್ಲಿರಲಿಲ್ಲ. ಆದರೆ ಸಂಗೀತ ನಿರ್ದೇಶಕ ಮುಕುಂದ ತೀರಿಕೊಂಡ ಮೇಲೆ ಅವನಿಂದ ಒಂದು ಸಾಲೂ ಹುಟ್ಟಿರಲಿಲ್ಲ. ಮುಕುಂದ ಕಟ್ಟಿದ ಪ್ರತಿಯೊಂದು ಟ್ಯೂನನ್ನೂ ಮೊದಲು ಕೇಳಿ, ಅದಕ್ಕೆ ಮಾತು ತುಂಬುತ್ತಿದ್ದವನು ಅವನೇ. ಈಗ ಪೆನ್ನು ಹಿಡಿದರೆ ಸತ್ತ ಗೆಳೆಯನ ಗುನುಗು ಕಿವಿಯಲ್ಲಿ ಸುಳಿಯುತ್ತಿತ್ತು; ಕಿವಿಗೊಟ್ಟರೆ ನಿಂತುಬಿಡುತ್ತಿತ್ತು.

ಒಂದು ಮಧ್ಯಾಹ್ನ ಮುಕುಂದನ ಹೆಂಡತಿ ಪಂಕಜಾ ಗಂಡನ ಫೋನು ಹಿಡಿದುಕೊಂಡು ಬಂದಳು. ಚನ್ನಕೇಶವನ ಹೆಂಡತಿ ನಳಿನಿ ಅವಳನ್ನು ಕೂರಿಸಿ ಕಾಫಿ ಮಾಡಲು ಒಳಗೆ ಹೋದಳು.

“ಇದ್ರಲ್ಲಿ ಒಂದು ಟ್ಯೂನಿದೆ ಅಣ್ಣ. ಹೋಗೋಕೆ ಮುಂಚೆ ಒಬ್ರೇ ಕೂತು ಹಾಡಿಟ್ಟಿದಾರೆ. ನನಗೇ ನಿನ್ನೆ ಸಿಕ್ತು. ಇನ್ನೂ ಯಾರಿಗೂ ಕೇಳಿಸಿಲ್ಲ.”

“ನನಗೂ ಹೇಳಲಿಲ್ವಲ್ಲಮ್ಮ ಅವನು!”

“ನಿಮಗೇ ಅಂತ ಇಟ್ಟಿರ್ತಾರೆ. ನೀವೇ ಮಾತು ಬರೀಬೇಕು.”

ಅವಳು ಫೋನನ್ನು ಒತ್ತಿ ಮೇಜಿನ ಮೇಲಿಟ್ಟಳು. ಕೋಣೆಯ ತುಂಬ ಮುಕುಂದನ ದನಿ ಹರಡಿತು. ಮಾತಿಲ್ಲ, ಬರೀ ಗುನುಗು. ಜೋಗುಳದಂತೆ ಶುರುವಾದದ್ದು ಪಲ್ಲವಿ ದಾಟುತ್ತಲೇ ಯಾರನ್ನೋ ಹತ್ತಿರ ಕರೆಯುವಂತಾಯಿತು. ಚನ್ನಕೇಶವನ ಕಣ್ಣು ತುಂಬಿತು.

“ಇಷ್ಟು ಚೆನ್ನಾಗಿ ಅವನು ಯಾವತ್ತೂ ಕಟ್ಟಿರಲಿಲ್ಲ,” ಎಂದ.

ಚರಣದ ನಡುವೆ ಚಾರ್ಜು ಮುಗಿದು ದನಿ ಕಡಿಯಿತು.

“ಅಯ್ಯೋ, ಮುಂದಿನದು ಇನ್ನೂ ಚೆನ್ನಾಗಿದೆ. ಹೀಗೇನೋ ಬರುತ್ತೆ...” ಎಂದು ಪಂಕಜಾ ಹಾಡಲು ನೋಡಿದಳು, ನೆನಪಾಗಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ನಳಿನಿ, ದನಿ ಕಡಿದ ಜಾಗದಿಂದಲೇ, ತನಗರಿವಿಲ್ಲದಂತೆ ಗುನುಗತೊಡಗಿದಳು.

“ಹಾಂ, ಇದೇ, ಇದೇ!” ಎಂದ ಪಂಕಜಾ ಮರುಕ್ಷಣವೇ ಬಾಯಿ ಮುಚ್ಚಿಕೊಂಡಳು.